ಗುಂಡು ಹಾರಿಸಿದ ಕೈಯೊಳಗೆ ಇದ್ದವರು ಯಾರು?

ಅಪರಾಧದ ಕಥೆ ಹೇಳುವ ಟಿ.ವಿ. ಧಾರಾವಾಹಿಗಳಲ್ಲಿ ಸಾಮಾನ್ಯವಾಗಿ ಕೊಲೆಗಾರ ಸತ್ತ ಕೂಡಲೇ ಕಥೆಯೂ ಮುಗಿಯುತ್ತದೆ. 'ದಿ ಎಕ್ಸ್-ಫೈಲ್ಸ್' ಧಾರಾವಾಹಿಯ ಏಳನೆಯ ಸೀಸನ್ನಿನಲ್ಲಿರುವ 'ಒರಿಸನ್' ಎಂಬ ಕಂತು ಹಾಗೆ ಮುಗಿಯುವುದಿಲ್ಲ. 2000ದ ಜನವರಿ 9ರಂದು ಅಮೆರಿಕದಲ್ಲಿ ಮೊದಲು ಪ್ರಸಾರವಾದ ಈ ಕಂತನ್ನು ಮೊನ್ನೆ ಮತ್ತೆ ನೋಡಿದೆ. ಇದರ ಹಿಂದಿನ ಭಾಗದಷ್ಟು ಇದು ಗಟ್ಟಿಯಾಗಿಲ್ಲ ಎಂದು ಹೇಳುವವರಿದ್ದಾರೆ, ಅದರಲ್ಲಿ ಅರ್ಧ ಸತ್ಯವಿದೆ ಎಂದು ನಾನೂ ಒಪ್ಪುತ್ತೇನೆ. ಆದರೆ ಇದರ ಕೊನೆಯ ಎರಡು ಮೂರು ನಿಮಿಷಗಳಲ್ಲಿ ಒಬ್ಬ ಹೆಣ್ಣುಮಗಳು ತನ್ನ ಬಗ್ಗೆ ತಾನೇ ಕೇಳಿಕೊಳ್ಳುವ ಒಂದು ಪ್ರಶ್ನೆಯಿದೆ. ಅಂಥ ಪ್ರಶ್ನೆಯನ್ನು ನಾನು ನೋಡಿದ ಬೇರೆ ಯಾವ ಅಪರಾಧ ಧಾರಾವಾಹಿಯೂ ಇಷ್ಟು ನೇರವಾಗಿ ಕೇಳಿಲ್ಲ. ಆ ಪ್ರಶ್ನೆಗಾಗಿಯೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ. ಕಥೆಯನ್ನು ಪೂರ್ತಿ ಹೇಳಬೇಕಾಗುತ್ತದೆ, ಆದ್ದರಿಂದ ನೋಡದೆ ಇರುವವರು ಮೊದಲು ನೋಡಿ ಬಂದು ಆಮೇಲೆ ಓದುವುದು ಒಳ್ಳೆಯದು.

ಇದರ ಬೇರು ಐದು ವರ್ಷ ಹಿಂದಿನ ಇನ್ನೊಂದು ಕಂತಿನಲ್ಲಿದೆ. 1995ರ ಜನವರಿಯಲ್ಲಿ ಬಂದ 'ಇರ್ರೆಸಿಸ್ಟಿಬಲ್' ಎಂಬ ಆ ಕಂತಿನಲ್ಲಿ ಡಾನಿ ಫಾಸ್ಟರ್ ಎಂಬುವನು ಮಿನಿಯಾಪೊಲಿಸ್ ನಗರದಲ್ಲಿ ಶವಸಂಸ್ಕಾರಕ್ಕೆ ಹೆಣಗಳನ್ನು ಸಿದ್ಧಪಡಿಸುವ ಕಡೆ ಕೆಲಸಕ್ಕಿರುತ್ತಾನೆ. ಸತ್ತ ಹೆಂಗಸರ ಕೂದಲನ್ನು ಕತ್ತರಿಸಿಟ್ಟುಕೊಳ್ಳುವುದು ಅವನ ಗೀಳು. ಸಿಕ್ಕಿಬಿದ್ದು ಕೆಲಸ ಕಳೆದುಕೊಂಡ ಮೇಲೆ ಮನೆಮನೆಗೆ ಆಹಾರದ ಪೊಟ್ಟಣ ತಲುಪಿಸುವ ಕೆಲಸಕ್ಕೆ ಸೇರುತ್ತಾನೆ, ಮತ್ತು ಬದುಕಿರುವ ಹೆಂಗಸರನ್ನು ಕೊಲ್ಲಲು ತೊಡಗುತ್ತಾನೆ. ಭೂತ, ಪ್ರೇತ, ಅನ್ಯಲೋಕದ ಜೀವಿಗಳ ಕಥೆಗಳಿಗೆ ಹೆಸರಾದ ಧಾರಾವಾಹಿ ಇದು. ಆದರೆ ಆ ಕಂತಿನಲ್ಲಿ ಅಂಥದ್ದು ಹೆಚ್ಚುಕಡಿಮೆ ಏನೂ ಇಲ್ಲ. ಮೆತ್ತಗೆ ಮಾತನಾಡುವ, ಬಾಗಿಲಲ್ಲಿ ನಿಂತು ಮರ್ಯಾದೆಯಿಂದ ನಗುವ ಒಬ್ಬ ಗಂಡಸು ಇದ್ದಾನೆ, ಅಷ್ಟೇ. ತನಿಖಾಧಿಕಾರಿ ಡೇನಾ ಸ್ಕಲಿ ವೈದ್ಯೆ, ಎಷ್ಟೋ ಮರಣೋತ್ತರ ಪರೀಕ್ಷೆಗಳನ್ನು ಮಾಡಿದವಳು. ಆದರೂ ಈ ಹೆಣಗಳ ಮುಂದೆ ಅವಳ ಕೈ ಹಿಂಜರಿಯುತ್ತದೆ. ಜೊತೆಯವನಾದ ಮಲ್ಡರ್ ಕೇಳಿದಾಗಲೆಲ್ಲ ತನಗೇನೂ ಆಗಿಲ್ಲ ಎಂದೇ ಹೇಳುತ್ತಾಳೆ. ಕೊನೆಗೆ ಡಾನಿ ಅವಳನ್ನೇ ಹೊತ್ತೊಯ್ಯುತ್ತಾನೆ. ಅವಳು ಹೋರಾಡುತ್ತಾಳೆ, ಪೊಲೀಸರು ಬಾಗಿಲು ಒಡೆದು ಒಳಗೆ ಬರುತ್ತಾರೆ, ಅವನನ್ನು ಹಿಡಿಯುತ್ತಾರೆ. ಆಗಲೂ ಅವಳು ಮಲ್ಡರ್‌ನ ಮುಖವನ್ನು ನೋಡದೆ, ನಾನು ಚೆನ್ನಾಗಿದ್ದೇನೆ ಎನ್ನುತ್ತಾಳೆ. ಅವನು ಅವಳ ಗಲ್ಲವನ್ನು ಮೆಲ್ಲನೆ ಮೇಲಕ್ಕೆತ್ತುತ್ತಾನೆ. ಮರುಕ್ಷಣ ಅವಳು ಅವನೆದೆಗೆ ಒರಗಿ ಬಿಕ್ಕಿ ಬಿಕ್ಕಿ ಅಳುತ್ತಾಳೆ.

ಆ ಕಂತಿನ ಕೊನೆಯಲ್ಲಿ ಕೇಳಿಬರುವ ಮಾತಿನ ತಾತ್ಪರ್ಯವೂ ಇದೇ ದಾರಿಯದು. ಕಾಣದ ಲೋಕದ ಭಯಕ್ಕಿಂತ ಕಡಿಮೆಯದಲ್ಲ ದಿನನಿತ್ಯದ ಭಯ, ಹೊಂಚುಹಾಕುವ ಅಪರಿಚಿತನ ಭಯ, ಮೆಟ್ಟಿಲ ಮೇಲೆ ಕೇಳುವ ಹೆಜ್ಜೆ ಸಪ್ಪಳದ ಭಯ.

ತುಮಕೂರಿನಲ್ಲಿ 1990ರ ದಶಕದ ಕೊನೆಯಲ್ಲಿ ಹೆಣ್ಣುಮಕ್ಕಳಾಗಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಂಗಸರ ಮೇಲೆ ಅತ್ಯಾಚಾರ ಎಸಗಿ ಕೊಲ್ಲುತ್ತಿದ್ದ, ನಮ್ಮ ಪಕ್ಕದ ಜಿಲ್ಲೆಯಾದ ಚಿತ್ರದುರ್ಗದ ಉಮೇಶ್ ರೆಡ್ಡಿಯ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿದ್ದ ಕಾಲ ಅದು. ಅವನು ಹೊರಗಿನಿಂದ ಬಂದ ಯಾವುದೋ ಪಿಶಾಚಿಯಾಗಿರಲಿಲ್ಲ. ಸಿ.ಆರ್.ಪಿ.ಎಫ್.ನಲ್ಲಿದ್ದು ಆಮೇಲೆ ನಮ್ಮದೇ ರಾಜ್ಯದ ಸಶಸ್ತ್ರ ಮೀಸಲು ಪಡೆಗೆ ಸೇರಿದ್ದವನು, ಖಾಕಿ ತೊಟ್ಟವನು. ಮಧ್ಯಾಹ್ನದ ಹೊತ್ತು, ಗಂಡಸರು ಕೆಲಸಕ್ಕೆ ಹೋಗಿರುವಾಗ, ವಿಳಾಸ ಕೇಳುವ ಅಥವಾ ನೀರು ಕೇಳುವ ನೆಪದಲ್ಲಿ ಮನೆಯೊಳಗೆ ನುಗ್ಗುತ್ತಿದ್ದ. ಒಮ್ಮೆ ಸಿಕ್ಕಿಬಿದ್ದವನು ಪೊಲೀಸರ ವಶದಿಂದಲೇ ತಪ್ಪಿಸಿಕೊಂಡಿದ್ದ. ಅವನು ತಪ್ಪಿಸಿಕೊಂಡಿದ್ದಾನೆ ಎಂಬ ಸುದ್ದಿ ಬೀದಿಬೀದಿಯ ಮಾತಾಗಿದ್ದಾಗ ಬಟವಾಡಿಯ ನಮ್ಮ ವಠಾರದಲ್ಲಿ ಹಗಲಲ್ಲೂ ಬಾಗಿಲಿಗೆ ಒಳಚಿಲಕ ಬೀಳತೊಡಗಿತು. ಅಲ್ಲಿಯವರೆಗೆ ಬಿಸಿಲಲ್ಲಿ ಬಂದವರು ಯಾರೇ ಆಗಲಿ, ಒಂದು ಚೊಂಬು ನೀರು, ಅದರ ಜೊತೆಗೊಂದು ಚೂರು ಬೆಲ್ಲ ಕೊಡುವುದು ನಮ್ಮಜ್ಜಿಯ ಪದ್ಧತಿ. ಆ ಬೇಸಿಗೆಯಲ್ಲಿ ಅಜ್ಜಿ ಕಿಟಕಿಯ ಸರಳಿನ ಸಂದಿಯಿಂದ ಲೋಟ ಚಾಚುತ್ತಿದ್ದರು. ಲೋಟ ತೆಗೆದುಕೊಂಡವನು ಗಟಗಟ ಕುಡಿದು, "ಬರ್ತೀನಿ ತಾಯಿ" ಎಂದು ಹೋದ ಮೇಲೆ ತುಂಬ ಹೊತ್ತು ಮಾತಾಡುತ್ತಿರಲಿಲ್ಲ. ಬಾಯಾರಿ ಬಂದವನನ್ನು ಅನುಮಾನಿಸಬೇಕಾಗಿ ಬಂದದ್ದು ಅವರಿಗೆ ಕೊಲೆಗಾರನ ಸುದ್ದಿಗಿಂತ ಹೆಚ್ಚಿನ ಸಂಕಟ ಕೊಟ್ಟಿತ್ತು ಎಂದು ನನಗೆ ಈಗ ಅನಿಸುತ್ತದೆ. ಡಾನಿ ಫಾಸ್ಟರ್ ಮೊದಲ ಸಲ ತೆರೆಯ ಮೇಲೆ ಬಂದಾಗ ಹೆದರಿಸಿದ್ದು ಇದೇ ಬಗೆಯಲ್ಲಿ, ನೆರೆಯವನ ಮುಖ ಹೊತ್ತು.

ಈಗ 'ಒರಿಸನ್' ಕಂತಿಗೆ ಬರುತ್ತೇನೆ. ಡಾನಿ ಇಲಿನಾಯ್ ರಾಜ್ಯದ ಬಿಗಿ ಕಾವಲಿನ ಸೆರೆಮನೆಯಲ್ಲಿದ್ದಾನೆ. ಕೈದಿಗಳಿಗೆ ದೇವರ ವಾಕ್ಯ ಬೋಧಿಸಲು ರೆವರೆಂಡ್ ಒರಿಸನ್ ಎಂಬ ಪಾದ್ರಿ ಬರುತ್ತಾರೆ. ಅವರ ಮಾತಿನಲ್ಲಿ ಕೇಳುವವರ ಬುದ್ಧಿಯನ್ನು ಮರಗಟ್ಟಿಸುವ ಶಕ್ತಿಯಿದೆ. ಕಾಲವೇ ನಿಧಾನಗೊಂಡಂತೆ ಎಲ್ಲರೂ ನಿಂತುಬಿಟ್ಟಾಗ ಡಾನಿ ಸೆರೆಮನೆಯಿಂದ ಸುಮ್ಮನೆ ನಡೆದು ಹೊರಬರುತ್ತಾನೆ. ಇತ್ತ ಸ್ಕಲಿಗೆ ಗುರುತುಗಳು ಕಾಣತೊಡಗುತ್ತವೆ. ನಡುರಾತ್ರಿ ಗಡಿಯಾರದಲ್ಲಿ ಆರರ ಅಂಕಿ ಮೂರು ಸಲ ಹೊಳೆಯುತ್ತದೆ, ಕ್ರೈಸ್ತರಲ್ಲಿ ಅದು ಸೈತಾನನ ಗುರುತು. ಎಲ್ಲಿ ಹೋದರೂ ಒಂದು ಹಳೆಯ ಹಾಡು ಕೇಳಿಸುತ್ತದೆ. ಹದಿಮೂರರ ಪ್ರಾಯದಲ್ಲಿ ತನಗೆ ಭಾನುವಾರದ ಧರ್ಮಪಾಠ ಹೇಳಿಕೊಡುತ್ತಿದ್ದವರ ಕೊಲೆಯಾಯಿತು ಎಂಬ ಸುದ್ದಿಯನ್ನು ತಾಯಿಯಿಂದ ತಿಳಿದಾಗ ಅವಳು ಕೇಳುತ್ತಿದ್ದದ್ದು ಅದೇ ಹಾಡು. ಲೋಕದಲ್ಲಿ ಕೇಡು ಎಂಬುದೊಂದು ನಿಜವಾಗಿ ಇದೆ ಎಂದು ಅವಳಿಗೆ ಮೊದಲ ಸಲ ಅನಿಸಿದ ಗಳಿಗೆ ಅದು. ಕ್ಯಾಥೊಲಿಕ್ ಶ್ರದ್ಧೆಯುಳ್ಳ ಅವಳು ಇವನ್ನೆಲ್ಲ ದೇವರು ತನಗೆ ಕೊಡುತ್ತಿರುವ ಸೂಚನೆಗಳೇ ಇರಬಹುದೇನೋ ಎಂದು ಯೋಚಿಸುತ್ತಾಳೆ. ಬೇರೆಲ್ಲವನ್ನೂ ನಂಬಿ ದೇವರೊಬ್ಬನನ್ನು ನಂಬದ ಮಲ್ಡರ್ ಇದನ್ನೆಲ್ಲ ವಶೀಕರಣದ ಆಟ ಎನ್ನುತ್ತಾನೆ.

ನನ್ನ ಮುಖ್ಯ ಆಕ್ಷೇಪವನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊದಲ ಕಂತಿನಲ್ಲಿ ಡಾನಿಯ ಮುಖ ಕ್ಷಣಕಾಲ ರಾಕ್ಷಸನ ಮುಖವಾಗಿ ಕಾಣುತ್ತಿತ್ತು, ಆದರೆ ಅದು ಹೆದರಿದವಳ ಕಣ್ಣಿಗೆ ಕಂಡ ರೂಪ ಎಂದು ತಿಳಿಯಲು ಜಾಗವಿತ್ತು. ಎರಡನೆಯದರಲ್ಲಿ ಆ ಜಾಗ ಕಿರಿದಾಗುತ್ತದೆ. ಇವನು ಮನುಷ್ಯನೇ ಅಲ್ಲ, ಸೈತಾನನೇ ಮೈವೆತ್ತು ಬಂದಿದ್ದಾನೆ ಎಂಬ ಕಡೆಗೆ ಕಂತು ವಾಲುತ್ತದೆ. ಇದರಿಂದ ಎರಡು ನಷ್ಟಗಳಾಗುತ್ತವೆ. ಭಯ ಸುಲಭವಾಗುತ್ತದೆ, ಏಕೆಂದರೆ ಸೈತಾನ ನಮ್ಮ ಬೀದಿಯಲ್ಲಿ ಬಾಡಿಗೆಗೆ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕೊಲ್ಲುವುದೂ ಸುಲಭವಾಗುತ್ತದೆ. ಮಹಿಷಾಸುರನ ಎದೆಗೆ ತ್ರಿಶೂಲ ಊರಿದ ತಾಯಿಯನ್ನು ಯಾವ ನ್ಯಾಯಾಲಯವೂ ವಿಚಾರಣೆಗೆ ಕರೆಯುವುದಿಲ್ಲ. ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ಮಾಡುವವಳಾಗಿ ಆರೋಪಿಗಳನ್ನು ಹತ್ತಿರದಿಂದ ನೋಡಿದ್ದೇನೆ. ಕೊಲೆ ಆರೋಪ ಹೊತ್ತು ಕಟಕಟೆಯಲ್ಲಿ ನಿಂತವನು ತನ್ನ ಸರದಿ ಬರುವವರೆಗೆ ಗೋಡೆಗೆ ಒರಗಿ ಆಕಳಿಸುತ್ತಿರುತ್ತಾನೆ, ಮನೆಯಿಂದ ಯಾರಾದರೂ ಬಂದಿದ್ದಾರೆಯೇ ಎಂದು ಬಾಗಿಲ ಕಡೆ ಕಣ್ಣು ಹಾಯಿಸುತ್ತಿರುತ್ತಾನೆ. ಕೇಡು ಅಷ್ಟು ಸಾಮಾನ್ಯವಾದ ಮೈಯಲ್ಲಿ ಇರಬಲ್ಲದು ಎಂಬುದನ್ನು ಅರಗಿಸಿಕೊಳ್ಳುವುದೇ ಕಷ್ಟ, ಮತ್ತು 1995ರ ಕಂತು ಆ ಕಷ್ಟವನ್ನು ನೋಡುಗರಿಗೆ ಬಿಟ್ಟುಕೊಟ್ಟಿತ್ತು.

ಇಷ್ಟಾದರೂ 'ಒರಿಸನ್' ಉಳಿದುಕೊಳ್ಳುವುದು ಆ ಪಾದ್ರಿಯ ದೆಸೆಯಿಂದ. ಅವರು ಕೈದಿಗಳನ್ನು ಬಿಡಿಸುವುದು ಕರುಣೆಯಿಂದಲ್ಲ. ಬಿಡಿಸಿ, ನಿರ್ಜನ ಜಾಗಕ್ಕೆ ಕರೆದೊಯ್ದು, ಅವರನ್ನು ಕೊಂದು ಹೂಳುವುದಕ್ಕೆ. ದೇವರು ತನ್ನೊಡನೆ ಮಾತನಾಡುತ್ತಾನೆ, ದೇವರ ಅಪ್ಪಣೆಯಂತೆ ತಾನು ಶಿಕ್ಷೆ ಜಾರಿ ಮಾಡುತ್ತಿದ್ದೇನೆ ಎಂಬುದು ಅವರ ನಂಬಿಕೆ. ಅವರೂ ಹಿಂದೆ ಕೊಲೆ ಮಾಡಿ ಸೆರೆಮನೆ ಕಂಡವರೇ. ತಲೆಬುರುಡೆಗೆ ತೂತು ಕೊರೆಸಿಕೊಂಡಿದ್ದಾರೆ, ಅದರಿಂದ ಮಿದುಳಿಗೆ ಹೆಚ್ಚು ರಕ್ತ ಹರಿದು ಈ ಶಕ್ತಿ ಬಂದಿದೆ ಎಂಬುದು ಮಲ್ಡರ್‌ನ ವಾದ. ನನಗೆ ಆ ತೂತಿನ ವಿವರಣೆಯಲ್ಲಿ ಆಸಕ್ತಿಯಿಲ್ಲ. ಆ ಮನುಷ್ಯನಲ್ಲಿ ಸಂಶಯದ ಎಳೆ ಒಂದೂ ಇಲ್ಲ ಎಂಬುದೇ ನನ್ನನ್ನು ಹಿಡಿದು ನಿಲ್ಲಿಸಿತು. ಡಾನಿಯ ಕೈಯಲ್ಲೇ ಅವರು ಗುಂಡಿ ತೋಡಿಸುತ್ತಾರೆ, ಕೊನೆಗೆ ಅದೇ ಗುಂಡಿಗೆ ತಾವೇ ಬೀಳುತ್ತಾರೆ. ಕೇಡಿಗನಿಗೆ ಬಾಗಿಲು ತೆರೆದು ಹೊರಗೆ ಬಿಟ್ಟದ್ದು ದೈವಭಕ್ತಿಯೇ ಎಂದು ಈ ಕಂತು ಸ್ಪಷ್ಟವಾಗಿ ಹೇಳುತ್ತದೆ. ಅಮೆರಿಕದ ಜನಪ್ರಿಯ ವಾಹಿನಿಯೊಂದು ವಾರದ ಧಾರಾವಾಹಿಯಲ್ಲಿ ಇಷ್ಟು ಹೇಳಿದ್ದೇ ದೊಡ್ಡದು.

ಭಕ್ತಿ ಕೊಲೆಗೆ ದಾರಿಯಾಗುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಸಯನೈಡ್ ಮಲ್ಲಿಕಾ ಎಂದು ಪತ್ರಿಕೆಗಳು ಕರೆದ ಕೆಂಪಮ್ಮ, ದೇವಸ್ಥಾನಗಳಲ್ಲಿ ಕಷ್ಟ ಹೇಳಿಕೊಳ್ಳುವ ಹೆಂಗಸರ ಗೆಳೆತನ ಬೆಳೆಸಿ, ಪೂಜೆ ಮಾಡಿಸೋಣ, ಒಡವೆ ಹಾಕಿಕೊಂಡು ಬನ್ನಿ ಎಂದು ಕರೆದು, ತೀರ್ಥದಲ್ಲಿ ವಿಷ ಬೆರೆಸಿ ಕುಡಿಸಿದವಳು. 2007ರ ಆ ಸರಣಿ ಕೊಲೆಗಳಲ್ಲಿ ಒಂದು ನಡೆದದ್ದು ಕುಣಿಗಲ್ ತಾಲ್ಲೂಕಿನ ಯಡಿಯೂರಿನಲ್ಲಿ, ಸಿದ್ಧಲಿಂಗೇಶ್ವರರ ಸನ್ನಿಧಿಗೆ ಹರಕೆ ಹೊತ್ತು ಜನ ಬರುವ ಊರಿನಲ್ಲಿ. ಆದರೆ ಕೆಂಪಮ್ಮನಿಗೆ ಬೇಕಾಗಿದ್ದದ್ದು ಒಡವೆ, ಭಕ್ತಿ ಅವಳಿಗೆ ಬರಿಯ ಸೋಗು. ಒರಿಸನ್ ಪಾದ್ರಿಯ ಭಕ್ತಿ ಸೋಗಲ್ಲ, ನಿಜವಾದದ್ದು, ಆದ್ದರಿಂದಲೇ ಅದರ ಎದುರು ನಿಲ್ಲುವುದು ಹೆಚ್ಚು ಕಷ್ಟ.

ಈಗ ಕೊನೆಯ ದೃಶ್ಯ. ಹಿಂದೆ ಕೈತಪ್ಪಿದ ಒಬ್ಬಳೇ ಹೆಂಗಸನ್ನು ಹುಡುಕಿಕೊಂಡು ಡಾನಿ ಸ್ಕಲಿಯ ಮನೆಗೇ ಬರುತ್ತಾನೆ. ಭೀಕರ ಹೋರಾಟ ನಡೆಯುತ್ತದೆ. ಅವಳನ್ನು ಕಟ್ಟಿಹಾಕಿ, ಸ್ನಾನದ ತೊಟ್ಟಿಗೆ ನೀರು ಬಿಟ್ಟು, ಮೇಣದ ಬತ್ತಿಗಳನ್ನು ಹಚ್ಚಿ ಅವನು ಸಿದ್ಧತೆ ಮಾಡಿಕೊಳ್ಳುತ್ತಾನೆ. ಅವಳು ಹೇಗೋ ಕಟ್ಟು ಬಿಡಿಸಿಕೊಂಡು ಪಿಸ್ತೂಲು ಹಿಡಿಯುತ್ತಾಳೆ. ಅಷ್ಟರಲ್ಲಿ ಮಲ್ಡರ್ ಬಾಗಿಲಿನಿಂದ ಒಳಗೆ ಬಂದಿದ್ದಾನೆ, ಡಾನಿಯ ಮೇಲೆ ಬಂದೂಕು ಹಿಡಿದಿದ್ದಾನೆ, ಡಾನಿ ಎರಡೂ ಕೈಗಳನ್ನು ಮೇಲಕ್ಕೆತ್ತಿದ್ದಾನೆ. ಅಪಾಯ ಅಲ್ಲಿಗೆ ಮುಗಿದಿದೆ. ಆ ಹೊತ್ತಿಗೆ, ಅದೇ ಹಳೆಯ ಹಾಡು ಕೇಳುತ್ತಿರುವಾಗ, ಸ್ಕಲಿ ನಿಧಾನವಾಗಿ, ನಿದ್ದೆಯಲ್ಲಿ ನಡೆಯುವವಳಂತೆ ಕೋಣೆಯಿಂದ ಹೊರಬಂದು ಗುಂಡು ಹಾರಿಸುತ್ತಾಳೆ. ಸೆರೆಮನೆಯಲ್ಲಿ ಪಾದ್ರಿ ಕಾಲವನ್ನು ಹೇಗೆ ನಿಧಾನಗೊಳಿಸಿದ್ದರೋ ಹಾಗೆಯೇ ಈ ದೃಶ್ಯವೂ ಚಲಿಸುತ್ತದೆ. ನಿರ್ದೇಶಕ ರಾಬ್ ಬೋಮನ್ ಇದನ್ನು ಗೊತ್ತಿದ್ದೇ ಮಾಡಿದ್ದಾರೆ ಎಂದು ನನ್ನ ನಂಬಿಕೆ. ಪಾದ್ರಿ ಸತ್ತಿದ್ದಾರೆ, ಆದರೆ ಅವರು ಶುರು ಮಾಡಿದ ಕೆಲಸವನ್ನು ಅವಳ ಕೈ ಪೂರೈಸಿದೆ.

ಅದಾದ ಮೇಲೆ ಇಬ್ಬರೂ ಕುಳಿತು ಮಾತನಾಡುತ್ತಾರೆ. ಮಲ್ಡರ್ ಸಮಾಧಾನ ಹೇಳುತ್ತಾನೆ. ಅವನು ನಿನಗೆ ಬೇರೆ ದಾರಿಯನ್ನೇ ಉಳಿಸಿರಲಿಲ್ಲ, ನನ್ನ ವರದಿಯಲ್ಲೂ ಹಾಗೆಯೇ ಬರೆಯುತ್ತೇನೆ, ಅವನು ಬದುಕಿದ್ದರೆ ಮತ್ತೆ ಕೊಲ್ಲುತ್ತಿದ್ದ ಎಂಬ ಅರ್ಥದ ಮಾತುಗಳು. ಸ್ಕಲಿಗೆ ಅವನು ಕೆಟ್ಟವನು ಎಂಬುದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ಅವಳ ಸಂಶಯ ಬೇರೆ. ಆ ಗಳಿಗೆಯಲ್ಲಿ ತನ್ನೊಳಗೆ ಇದ್ದು ಕೆಲಸ ಮಾಡಿದವರು ಯಾರು ಎಂದು ಕೇಳುತ್ತಾಳೆ. ದೇವರೇ ಎಂದು ನಿನ್ನ ಮಾತಿನ ಅರ್ಥವೇ ಎಂದು ಅವನು ಕೇಳಿದರೆ, ಅಲ್ಲದೆ ಹೋಗಿದ್ದರೆ ಏನು ಗತಿ ಎಂದು ತಿರುಗಿ ಕೇಳುತ್ತಾಳೆ. ಕಂತು ಅಲ್ಲಿಗೆ ಮುಗಿಯುತ್ತದೆ.

ಈ ಪ್ರಶ್ನೆ ಕೇಳಿದಾಗ ನನಗೆ ಶಿರಾ ತಾಲ್ಲೂಕಿನ ನಮ್ಮ ಅಪ್ಪನ ಊರಿನ ಜಾತ್ರೆ ಕಣ್ಮುಂದೆ ಬಂತು. ಮಾರಮ್ಮನ ಗುಡಿಯ ಮುಂದೆ ತಮಟೆಯ ಏಟು ಏರುತ್ತಿದ್ದ ಹಾಗೆ ಯಾರದಾದರೂ ಮೈ ನಡುಗಲು ಶುರುವಾಗುತ್ತದೆ, ಮೈಮೇಲೆ ಬಂತು ಎಂದು ಜನ ಹಿಂದೆ ಸರಿಯುತ್ತಾರೆ. ಹೊರಗಿನವರು ನೋಡಿದರೆ ಕುರುಡು ನಂಬಿಕೆ ಎಂದು ಒಂದೇ ಮಾತಿನಲ್ಲಿ ತೀರಿಸಿಬಿಡುತ್ತಾರೆ. ಆದರೆ ಊರಿನ ಹಿರಿಯರು ಕೂಡಲೇ ಕಾಲಿಗೆ ಬೀಳುವುದಿಲ್ಲ. ಮೊದಲು ಎದುರು ನಿಂತು ಕೇಳುತ್ತಾರೆ: "ಯಾರು ನೀನು? ತಾಯಿಯೋ, ಗಾಳಿಯೋ? ತಾಯಿಯಾದರೆ ಗುರುತು ಹೇಳು." ಅಂಗೈ ಮೇಲೆ ಕರ್ಪೂರ ಹಚ್ಚಿ ನೋಡುತ್ತಾರೆ, ಬೇವಿನ ಸೊಪ್ಪು ಕೊಟ್ಟು ನೋಡುತ್ತಾರೆ, ಹಿಂದಿನ ವರ್ಷದ ಹರಕೆಯ ಮಾತೆತ್ತಿ ಪರೀಕ್ಷಿಸುತ್ತಾರೆ. ನಮ್ಮ ದೊಡ್ಡಪ್ಪ ಒಮ್ಮೆ ಹಾಗೆ ನಡುಗುತ್ತಿದ್ದವನ ಮುಂದೆ ಕೈಕಟ್ಟಿ ನಿಂತು, ವಿನಯ ಬಿಡದೆ, ಆದರೆ ಒಂದಿಷ್ಟೂ ಜಗ್ಗದೆ, "ಅಪ್ಪಣೆ ಆಮೇಲೆ ಕೊಡೀವಂತೆ, ಮೊದಲು ಯಾರು ಅಂತ ಹೇಳು" ಎಂದದ್ದನ್ನು ನಾನು ಕಂಡಿದ್ದೇನೆ. ಆ ಮನುಷ್ಯ ನೆರೆಯವನ ಜಮೀನಿನ ಜಗಳದ ತೀರ್ಪನ್ನು ದೇವಿಯ ಬಾಯಲ್ಲಿ ಹೇಳಲು ಹೊರಟಿದ್ದ. ದೊಡ್ಡಪ್ಪ ದೇವಿಯನ್ನು ನಂಬದವರಲ್ಲ, ಸೋಮವಾರ ಒಂದು ಹೊತ್ತು ಉಪವಾಸವಿದ್ದು ಅವಳಿಗೆ ನಡೆದುಕೊಳ್ಳುತ್ತಿದ್ದವರು. ನಂಬುತ್ತಿದ್ದುದರಿಂದಲೇ ಅವರು ಆ ಪ್ರಶ್ನೆಯನ್ನು ಬಿಡಲಿಲ್ಲ. ಸ್ಕಲಿ ಕೇಳುವುದು ಅದೇ ಪ್ರಶ್ನೆ, ಆದರೆ ಅವಳಿಗೆ ಎದುರು ನಿಂತು ಕೇಳುವ ಹಿರಿಯರಿಲ್ಲ. ನಡುಗಿದವಳೂ ಅವಳೇ, ಗುರುತು ಕೇಳಬೇಕಾದವಳೂ ಅವಳೇ.

ನಮ್ಮ ಊರುಗಳಲ್ಲಿ ಇದ್ದ ಈ ಎಚ್ಚರ ಈಗ ನಮ್ಮಲ್ಲಿ ಎಷ್ಟು ಉಳಿದಿದೆ? 2019ರ ಡಿಸೆಂಬರ್ 6ರ ಬೆಳಗನ್ನು ನೆನೆದರೆ ನನಗೆ ಭಯವಾಗುತ್ತದೆ. ಹೈದರಾಬಾದ್ ಬಳಿ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ನಡೆಸಿ ಕೊಂದ ಪ್ರಕರಣದ ನಾಲ್ವರು ಆರೋಪಿಗಳನ್ನು ಅಂದು ನಸುಕಿನಲ್ಲಿ ಪೊಲೀಸರು ಗುಂಡಿಟ್ಟು ಕೊಂದರು. ಸ್ಥಳದಲ್ಲಿ ಪೊಲೀಸರ ಮೇಲೆ ಹೂಮಳೆಗರೆದರು, ನಮ್ಮ ಬೀದಿಯಲ್ಲೂ ಸಿಹಿ ಹಂಚಿದರು, ದೇವರೇ ನ್ಯಾಯ ಕೊಟ್ಟ ಎಂದರು. ಆ ಹೆಣ್ಣುಮಗಳಿಗೆ ಆದದ್ದನ್ನು ನೆನೆದರೆ ಜನರ ಸಿಟ್ಟು ನನಗೂ ಅರ್ಥವಾಗುತ್ತದೆ, ಅದು ನನ್ನ ಸಿಟ್ಟೂ ಹೌದು. ಆದರೆ ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಅವರ ಆಯೋಗ, ಆರೋಪಿಗಳು ಬಂದೂಕು ಕಿತ್ತುಕೊಂಡು ದಾಳಿ ಮಾಡಿದರು ಎಂಬ ಪೊಲೀಸರ ಹೇಳಿಕೆ ನಂಬಲರ್ಹವಲ್ಲ, ಸಾಯಿಸುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂಬ ತೀರ್ಮಾನಕ್ಕೆ ಬಂತು. 2022ರಲ್ಲಿ ಬಹಿರಂಗವಾದ ಆ ವರದಿಯ ಪ್ರಕಾರ ಸತ್ತ ನಾಲ್ವರಲ್ಲಿ ಮೂವರು ಆಗ ಅಪ್ರಾಪ್ತರು. ಸಿಹಿ ಹಂಚಿದ ಕೈಗಳಲ್ಲಿ ಆ ವರದಿಯ ಸುದ್ದಿ ಹಂಚಿಕೊಂಡವು ಎಷ್ಟಿದ್ದವೋ! ಅದೇ 2022ರಲ್ಲಿ ಸುಪ್ರೀಂ ಕೋರ್ಟ್ ಉಮೇಶ್ ರೆಡ್ಡಿಯ ಗಲ್ಲು ಶಿಕ್ಷೆಯನ್ನು, ಅವನನ್ನು ವರ್ಷಾನುಗಟ್ಟಲೆ ಕಾನೂನಿಗೆ ವಿರುದ್ಧವಾಗಿ ಏಕಾಂತ ಸೆರೆಯಲ್ಲಿಟ್ಟಿದ್ದ ಕಾರಣಕ್ಕೆ, ಕನಿಷ್ಠ 30 ವರ್ಷಗಳ ಜೀವಾವಧಿಗೆ ಇಳಿಸಿತು. ಆ ತೀರ್ಪಿಗೂ ಬೈಗುಳ ಬಿದ್ದವು. ಕಿಟಕಿಯ ಸರಳಿನಿಂದ ಲೋಟ ಚಾಚಿದ ಅಜ್ಜಿಯ ಮೊಮ್ಮಗಳಾಗಿಯೂ ನಾನು ಆ ತೀರ್ಪನ್ನು ಸರಿ ಎನ್ನುತ್ತೇನೆ.

ಕಾನೂನಿನ ಮಾತು ಬಂದದ್ದರಿಂದ ಒಂದು ವಿಷಯ ಸೇರಿಸುತ್ತೇನೆ. ನಮ್ಮಲ್ಲಿ ಆತ್ಮರಕ್ಷಣೆಯ ಹಕ್ಕು ದೊಡ್ಡದು. ಹಿಂದೆ ಭಾರತೀಯ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಮುಗಳಲ್ಲಿದ್ದದ್ದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿದೆ. ಪ್ರಾಣಕ್ಕೆ ಅಪಾಯವಿದ್ದಾಗ, ಅತ್ಯಾಚಾರದ ಉದ್ದೇಶದ ಹಲ್ಲೆ ನಡೆದಾಗ, ಎದುರಾಳಿಯ ಪ್ರಾಣ ಹೋದರೂ ಅದು ಅಪರಾಧವಲ್ಲ. ಆದರೆ ಅಪಾಯದ ಭೀತಿ ಇರುವವರೆಗೆ ಮಾತ್ರ ಆ ಹಕ್ಕು ಇರುತ್ತದೆ. ಕಟ್ಟು ಬಿಡಿಸಿಕೊಂಡ ಕ್ಷಣವೇ ಸ್ಕಲಿ ಗುಂಡು ಹಾರಿಸಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲ. ಅವನು ಕೈಯೆತ್ತಿ ನಿಂತ ಮೇಲೆ ಅವಳು ಹಾರಿಸಿದಳು. ನನ್ನ ಕಕ್ಷಿದಾರಳಾಗಿದ್ದರೆ, ಅಷ್ಟು ಹೊತ್ತು ಸಾವಿನ ಎದುರು ಇದ್ದವಳ ಮನಸ್ಸಿನಿಂದ ಭೀತಿ ಒಂದು ಗಳಿಗೆಯಲ್ಲಿ ಇಳಿದುಹೋಗುವುದಿಲ್ಲ ಎಂದು ನಾನು ಗಂಟಲು ಹರಿಯುವಂತೆ ವಾದಿಸುತ್ತಿದ್ದೆ, ಮತ್ತು ಆ ವಾದದಲ್ಲಿ ಸತ್ಯವಿದೆ. ಮಲ್ಡರ್ ಮಾಡುವುದು ಬೇರೆ. ಅವನು ವಾದಿಸುವುದಿಲ್ಲ, ನಡೆದದ್ದನ್ನು ವರದಿಯಲ್ಲಿ ಬೇರೆಯಾಗಿಸುತ್ತಾನೆ. ಗೆಳೆತನದಿಂದ ಮಾಡುತ್ತಾನೆ ಎಂಬುದು ಗೊತ್ತು, ಆದರೂ ಅವಳ ಪ್ರಶ್ನೆಯನ್ನು ಹೂತುಹಾಕುವ ಕೆಲಸ ಅದು. ಪಂಚನಾಮೆಯ ಮೊದಲ ಸಾಲಿನಲ್ಲೇ ಸುಳ್ಳು ಸೇರಿದರೆ ಮುಂದೆ ಇಡೀ ಪ್ರಕರಣ ಏನಾಗುತ್ತದೆ ಎಂಬುದನ್ನು ನ್ಯಾಯಾಲಯದಲ್ಲಿ ಓಡಾಡುವ ಯಾರನ್ನಾದರೂ ಕೇಳಿ ನೋಡಿ.

ಧಾರಾವಾಹಿಯ ಮೇಲೆ ನನಗಿರುವ ಕೊನೆಯ ಅಸಮಾಧಾನವೂ ಇದಕ್ಕೇ ಸೇರಿದ್ದು. ಮುಂದಿನ ವಾರದ ಕಂತು ಜಾದೂಗಾರರ ಕಥೆ, ಹಗುರವಾದದ್ದು. ಅದೇ ವರ್ಷ ಏಪ್ರಿಲ್‌ನಲ್ಲಿ ಸ್ಕಲಿಯ ಪಾತ್ರ ಮಾಡಿದ ಜಿಲಿಯನ್ ಆಂಡರ್ಸನ್ ಅವರೇ ಬರೆದು ನಿರ್ದೇಶಿಸಿದ ಕಂತೊಂದು ಬಂತು. ಅದು ಪೂರ್ತಿಯಾಗಿ ಸ್ಕಲಿಯ ಒಳಗಿನ ನಂಬಿಕೆಯನ್ನು ಕುರಿತದ್ದು, ಬೌದ್ಧ ಗುಡಿಯೊಂದರಲ್ಲಿ ಅವಳಿಗೆ ದರ್ಶನವೂ ಆಗುತ್ತದೆ. ಅಲ್ಲಿಯೂ ಡಾನಿ ಫಾಸ್ಟರ್‌ನ ಮಾತಿಲ್ಲ. ಒಬ್ಬ ಮನುಷ್ಯನನ್ನು ಕೊಂದು, ಕೊಂದದ್ದು ಯಾರು ಎಂದು ತಿಳಿಯದೆ ಕುಳಿತ ಹೆಂಗಸು ಕೆಲವೇ ತಿಂಗಳಲ್ಲಿ ಅದನ್ನು ಮರೆತು ದೇವರನ್ನು ಧ್ಯಾನಿಸಬಲ್ಲಳು ಎಂಬುದನ್ನು ನಾನು ನಂಬಲಾರೆ. ನನಗೆ ಬೇಕಾಗಿದ್ದದ್ದು ಇನ್ನೊಂದೇ ಒಂದು ದೃಶ್ಯ: ಇಲಾಖೆಯ ವಿಚಾರಣೆ, ಮೇಜಿನ ಮೇಲೆ ಮಲ್ಡರ್ ಬರೆದ ವರದಿ, ಅದನ್ನು ಓದಿ ಸರಿಯಾಗಿದೆ ಎಂದು ಅವಳು ಹೇಳಬೇಕಾದ ಗಳಿಗೆ. ಅವಳು ಹೌದು ಎಂದಳೋ, ಇಲ್ಲ, ಅವನು ಕೈಯೆತ್ತಿ ನಿಂತಿದ್ದ ಎಂದಳೋ, ಅದನ್ನು ಯಾವ ಕಂತೂ ತೋರಿಸಲಿಲ್ಲ.